ಬಂದಿತ್ರಿ, ಕಳಿಸ್ದೆ

ಬೆಳಿಗ್ಗೆ 6.40. ಕಲಬುರಗಿಯ ಮೇ ತಿಂಗಳು ಬೇರೆ. ನಡುರಾತ್ರಿ ಕೂಲರಿನ ನೀರು ಮುಗಿದು ಬರೀ ಬಿಸಿಗಾಳಿ ಊದಿತ್ತು, ನಿದ್ದೆ ಅರ್ಧಂಬರ್ಧ. ಮೊಬೈಲ್ ಟಿಂಗ್ ಅಂತು. ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ. ನಾಲ್ಕು ವರ್ಷ ಆದಮೇಲೆ ಮೆಸೇಜು. ಅದರಲ್ಲಿ ಇದ್ದದ್ದು ಒಂದೇ ಪದ: 'ಹಾಯ್'.

'ಹೇಳಪಾ' ಅಂತ ಬರೆದೆ. ಎರಡು ನೀಲಿ ಟಿಕ್ ಬಿದ್ದವು. ಓದಿದ್ದಾನೆ. ಆಮೇಲೆ ಸದ್ದಿಲ್ಲ. ಹಲ್ಲುಜ್ಜುವಾಗ ನೋಡಿದೆ, ಇಲ್ಲ. ಸುಸಲಾ ತಿನ್ನುವಾಗ ನೋಡಿದೆ, ಇಲ್ಲ. ದುಡ್ಡೇನಾದ್ರೂ ಬೇಕಿತ್ತಾ? ಮನೆಯಲ್ಲಿ ಲಗ್ನ ಇದೆಯಾ? ಯಾರಾದ್ರೂ ಹೋಗಿಬಿಟ್ರಾ? ಅವನು ಎರಡಕ್ಷರ ಒತ್ತಿ ಆರಾಮಾಗಿದ್ದಾನೆ. ಯೋಚನೆ ಮಾಡುವ ಕೆಲಸ ನನ್ನದು.

ನಮ್ಮ ಕಡೆ ಯಾರ ಮನೆಗಾದರೂ ಹೋದರೆ ಹೊಸ್ತಿಲ ಹತ್ತಿರ ನಿಂತು 'ಯಾರ್ ಅದೀರ್ರಿ ಮನ್ಯಾಗ' ಅಂತ ಕೂಗುತ್ತೇವೆ. ಒಳಗಿನಿಂದ 'ಬರ್ರಿ' ಅಂತ ಕೇಳಿದರೆ ಸಾಕು, ನೀರು ಕುಡಿಯುವ ಮೊದಲೇ ಬಂದ ಕೆಲಸ ಬಾಯಿಗೆ ಬಂದಿರುತ್ತದೆ. ಹೊಸ್ತಿಲಲ್ಲಿ ನಿಂತು 'ನಮಸ್ಕಾರ' ಅಂದು, ಮನೆಯವರು ಎದ್ದು ಬರುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಮಾಯವಾಗುವವರನ್ನು ನಾನಂತೂ ನೋಡಿಲ್ಲ. ಫೋನಿನಲ್ಲಿ ಮಾತ್ರ ದಿನಾ ನೋಡುತ್ತೇನೆ.

ಇನ್ನು ವಾಯ್ಸ್ ಮೆಸೇಜು. ಇದರಲ್ಲಿ ನಮ್ಮ ದೊಡ್ಡವ್ವನಿಗೆ ಪೂರ್ತಿ ಮಾಫಿ. ಆಳಂದದ ಹತ್ತಿರದ ಹಳ್ಳಿಯಲ್ಲಿದ್ದಾಳೆ, ಅಕ್ಷರ ಅಷ್ಟಕ್ಕಷ್ಟೇ. ಮೊಮ್ಮಗ ಆ ಮೈಕಿನ ಗುಂಡಿ ತೋರಿಸಿಕೊಟ್ಟಿದ್ದಾನೆ. ರೊಟ್ಟಿ ಬಡಿಯುತ್ತಲೇ ಮಾತಾಡುತ್ತಾಳೆ. ಟಪ ಟಪ ಸದ್ದು, ನಡುವೆ 'ತಮ್ಮಾ, ಆರಾಮ ಅದಿ?', ಮತ್ತೆ ಟಪ ಟಪ. ಹಂಚಿಗೆ ಹಾಕುವಾಗ ಮಾತು ನಿಲ್ಲುತ್ತದೆ, ಮೇಲೆ ನೀರು ಸವರಿದ ಮೇಲೆ ಮತ್ತೆ ಶುರು. ಮೊನ್ನೆ ಎಣಿಸಿದೆ, ಒಂದು ಮೆಸೇಜಿಗೆ ಮೂರು ರೊಟ್ಟಿ. ವಾಟ್ಸಾಪಿನವರು 2021ರಲ್ಲಿ ವಾಯ್ಸ್ ಮೆಸೇಜನ್ನು ಜೋರಾಗಿ ಓಡಿಸಿ ಕೇಳುವ ಅನುಕೂಲ ಕೊಟ್ಟರಲ್ಲ, ದೊಡ್ಡವ್ವನದ್ದಕ್ಕೆ ನಾನು ಅದನ್ನು ಒತ್ತುವುದೇ ಇಲ್ಲ.

ಆದರೆ ಎಂ.ಎ., ಬಿ.ಎಡ್. ಮಾಡಿದವರು, ದಿನಾ ಫೈಲ್ ಬರೆಯುವವರು, 'ನಾಳೆ ಮೀಟಿಂಗ್ ಇಲ್ಲ' ಅನ್ನೋದಕ್ಕೆ ಎರಡೂವರೆ ನಿಮಿಷದ ವಾಯ್ಸ್ ಕಳಿಸುತ್ತಾರೆ. ಮೊದಲು ಕೆಮ್ಮು. ಆಮೇಲೆ 'ಎಲ್ಲಾರಿಗೂ ನಮಸ್ಕಾರ'. ಆಮೇಲೆ ಹಿಂದಿನ ಮೀಟಿಂಗಿನ ಸಮಾಚಾರ. ಮೀಟಿಂಗ್ ಇಲ್ಲ ಅನ್ನೋದು ಕೊನೆಯ ಆರು ಸೆಕೆಂಡಿನಲ್ಲಿ, ಅದೂ ಬೈಕಿನ ಹಾರ್ನಿನ ನಡುವೆ. ಹೇಳುವವರ ಟೈಮ್ ಉಳಿಯಿತು, ಕೇಳುವ ನಲವತ್ತು ಮಂದಿಯದ್ದು ಹೋಯಿತು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರ ಬಗ್ಗೆ ಜಾಸ್ತಿ ಹೇಳಲ್ಲ, ನಾನೂ ಅವಸರದಲ್ಲಿ ಬರೆಯುತ್ತೇನೆ. ಬೋರಿನ ಮೋಟರ್ ಕೆಟ್ಟಾಗ ಅಳಿಯ ಒಮ್ಮೆ ಬರೀ 'ಹಾಳಾಗ್ಯಾದ' ಅಂತ ಹಾಗೆ ಬರೆದಿದ್ದ. ನಾನು 'ಹಾಲ್ ಆಗ್ಯಾದ', ಅಂದ್ರೆ ಹಾಲು ಮುಗಿದಿದೆ, ಅಂತ ಓದಿಕೊಂಡು ಎರಡು ಪಾಕೀಟು ಹಾಲು ತಗೊಂಡು ಮನೆಗೆ ಹೋದೆ. ಇಷ್ಟು ಸಾಕು.

'ತಪ್ಪು ತಿಳ್ಕೋಬೇಡಿ, ಆದರೆ...' ಅಂತ ಶುರು ಮಾಡುವವರದ್ದು ಇನ್ನೊಂದು ಥರ. ತಪ್ಪು ತಿಳ್ಕೊಳ್ಳುವಂಥದ್ದೇ ಬರ್ತಾ ಇದೆ ಅಂತ ಅವರಿಗೂ ಗೊತ್ತು. 'ನಾನು ಜಾತಿ ಗೀತಿ ಮಾಡೋನಲ್ಲ, ಆದರೆ' ಅಂದವರ ಮುಂದಿನ ಸಾಲು ಏನಿರುತ್ತೆ ಅಂತ ಓದದೇ ಹೇಳಬಹುದು. ತಿರುಗಿ ಕೇಳಿದರೆ 'ಸುಮ್ನೆ ಕಾಮಿಡಿಗೆ ಹಾಕಿದ್ದು, ಸೀರಿಯಸ್ ಆಗ್ಬ್ಯಾಡ್ರಿ' ಅಂದು ಎರಡು ನಗುವ ಮುಖ. ಬೈದದ್ದು ಅವರು, ತಮಾಷೆ ಗೊತ್ತಿಲ್ಲದವರು ನಾವು.

ಶ್ರದ್ಧಾಂಜಲಿಯ ವಿಷಯಕ್ಕೆ ಬರುತ್ತೇನೆ, ಇದನ್ನು ಹೇಳದೇ ಇರಲಾರೆ. ನಾನಿರುವ ಒಂದು ಗ್ರೂಪಿನಲ್ಲಿ ಒಬ್ಬರು ತಮ್ಮ ತಂದೆಯ ಫೋಟೊ ಹಾಕಿದರು. ಹಿರಿಯರಿಗೆ 80 ತುಂಬಿತ್ತು. ಊರಿನವರು ಸೇರಿ ಶಾಲು ಹೊದಿಸಿ ದೊಡ್ಡ ಗುಲಾಬಿ ಹಾರ ಹಾಕಿ ಸನ್ಮಾನ ಮಾಡಿದ್ದರು. ಫೋಟೊ ಕೆಳಗೆ ನಾಲ್ಕು ಸಾಲು ಬರೆದಿದ್ದರು, ಆದರೆ 'ಮತ್ತಷ್ಟು ಓದಿ' ಯಾರು ಒತ್ತುತ್ತಾರೆ? ಮೊದಲನೆಯವರು ಹಾರ ನೋಡಿದರು, ಬಿಳಿ ಟೋಪಿ ನೋಡಿದರು, 'ಓಂ ಶಾಂತಿ' ಅಂತ ಬರೆದರು. ಅಷ್ಟೇ ನೋಡಿ. 'ಭಾವಪೂರ್ಣ ಶ್ರದ್ಧಾಂಜಲಿ', 'ತುಂಬಲಾರದ ನಷ್ಟ', ಕೈಮುಗಿದ ಗುರುತು, ಉರಿಯುವ ದೀಪ. 'ದೇವರು ಕುಟುಂಬಕ್ಕೆ ದುಃಖ ಸಹಿಸುವ ಶಕ್ತಿ ಕೊಡಲಿ' ಅಂತ ಒಬ್ಬರು ಬರೆದದ್ದನ್ನು ಮುಂದಿನ ಏಳು ಮಂದಿ ಅಕ್ಷರ ಬಿಡದೆ ಕಾಪಿ ಮಾಡಿದರು. ಒಟ್ಟು 23 ಮಂದಿ. ನಡುವೆ ಒಬ್ಬರು ಮಾತ್ರ 'ಸೂಪರ್ ಸರ್' ಅಂತ ಬರೆದಿದ್ದರು. ಅವರು ಎಲ್ಲದಕ್ಕೂ ಅದನ್ನೇ ಬರೆಯುವವರು, ಅವತ್ತು ಅಕಸ್ಮಾತ್ ಸರಿಯಾಯಿತು.

ಮಗ ಗಾಬರಿಯಾಗಿ ಮೆಸೇಜ್ ಅಳಿಸಿದರು. ಅಷ್ಟರಲ್ಲಿ ಮೊಮ್ಮಗಳು ಎಲ್ಲವನ್ನೂ ಮುತ್ಯಾನಿಗೆ ಓದಿ ತೋರಿಸಿದ್ದಳು. ಮುತ್ಯಾ ನಕ್ಕು, 'ಬರಲಾರದವರೆಲ್ಲಾ ಬಂದು ಹೋದ್ರು ಬಿಡು. ಇನ್ನ ಖರೇ ಹ್ವಾದಾಗ ಯಾರ್ಗೂ ತ್ರಾಸ್ ಇಲ್ಲ' ಅಂದರಂತೆ.

'ಹಾಯ್' ಅಂದು ಓಡಿಹೋಗುವುದಾಗಲಿ, ಓದದೇ ಅಳುವುದಾಗಲಿ, ನನಗೆ ಕಾಣುವ ರೋಗ ಒಂದೇ. ಮಾತು ನಂದು, ಭಾರ ನಿಂದು. ಇದು ಎಲ್ಲಕ್ಕಿಂತ ಚೊಕ್ಕವಾಗಿ ಕಾಣುವುದು ಇನ್ನೊಂದು ಮಾತಿನಲ್ಲಿ. ಮೆಸೇಜಿನ ಕೊನೆಗೆ ಬರೆಯುತ್ತಾರಲ್ಲ, 'ಬಂದದ್ದನ್ನು ಹಾಗೇ ಕಳಿಸಿದ್ದೇನೆ'. ನಮ್ಮ ತೊಗರಿ ಗ್ರೂಪಿನಲ್ಲಿ ಒಮ್ಮೆ ಹೀಗೇ ಹಳೇ ರೇಟ್ ಬೋರ್ಡಿನ ಫೋಟೊ ಬಂತು. ಅದನ್ನು ನಂಬಿ ಒಬ್ಬರು ಸೇಡಂ ಕಡೆಯಿಂದ ಟ್ರ್ಯಾಕ್ಟರ್ ತುಂಬಿಕೊಂಡು ನಮ್ಮೂರ ಗಂಜ್ ಮಾರುಕಟ್ಟೆಗೆ ಬಂದರು. ಡೀಸೆಲ್ ಖರ್ಚು ಅವರದ್ದು. ಕಳಿಸಿದವರು 'ನಂಗೂ ಬಂದಿದ್ದೇ ರೀ' ಅಂದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು.

ಅದು ಡೀಸೆಲ್ಲಿಗೆ ಮುಗಿಯಿತು. 2018ರ ಜುಲೈ 13ರಂದು ನಮ್ಮ ಪಕ್ಕದ ಬೀದರ್ ಜಿಲ್ಲೆಯಲ್ಲಿ ಹಾಗೆ ಮುಗಿಯಲಿಲ್ಲ. ಹೈದರಾಬಾದಿನಿಂದ ಬಂದ ಗೆಳೆಯರ ಗುಂಪು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅದಾಗಲೇ ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರ ಸುದ್ದಿ ಓಡಾಡುತ್ತಿತ್ತು. ಇವರೇ ಆ ಕಳ್ಳರು ಅಂತ ವಾಟ್ಸಾಪಿನಲ್ಲಿ ಮುಂದಿನ ಊರಿಗೆ ಸುದ್ದಿ ಹೋಯಿತು, ಕಾರಿಗಿಂತ ಮೊದಲು. ಔರಾದ್ ಸೀಮೆಯ ಮುರ್ಕಿಯಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತುಹೋದ. ಪೊಲೀಸರು ಬಂಧಿಸಿದವರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಅದೇ ತಿಂಗಳ ಒಂದನೇ ತಾರೀಕು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಇಂಥದ್ದೇ ಸುದ್ದಿಗೆ ಐವರು ಬಲಿಯಾಗಿದ್ದರು. ಮುರ್ಕಿಯ ಘಟನೆಯಾಗಿ ವಾರದೊಳಗೆ ವಾಟ್ಸಾಪಿನವರು ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಮಾಡುವ ಮಿತಿ ಹಾಕುತ್ತೇವೆ ಅಂದರು. ಇವತ್ತು ಆರನೆಯವರಿಗೆ ಕಳಿಸಲು ಹೋದಾಗ ಫೋನು ತಡೆಯುತ್ತದಲ್ಲ, ಆ ನಿಯಮದ ಮಾತು ಶುರುವಾದದ್ದು ಆ ಜುಲೈನಲ್ಲಿ.

ಇಷ್ಟೆಲ್ಲಾ ಬರೆಯುವ ನಾನು ಸಾಚಾ ಅಂತ ಅಂದುಕೊಳ್ಳಬೇಡಿ.

ಕೊರೊನಾದ ಮೊದಲ ಸಾವು ದೇಶಕ್ಕೆಲ್ಲ ನಮ್ಮ ಊರಿನದ್ದೇ. 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು, ಅದು ಕೊರೊನಾ ಅಂತ 12ರಂದು ಖಚಿತವಾಯಿತು. ಆ ವಾರ ಊರು ಹೇಗಿತ್ತು ಅಂತ ಇದ್ದವರಿಗೇ ಗೊತ್ತು. ನಮ್ಮೂರ ಪೇಟೆ ಸೂಪರ್ ಮಾರ್ಕೆಟ್ ಕಡೆ ಸಂಜೆ ಹೊತ್ತು ಕಾಲಿಡಲು ಜಾಗ ಇರುವುದಿಲ್ಲ, ಆಗ ಬಿಕೋ ಅನ್ನುತ್ತಿತ್ತು. ಫೋನು ಮಾತ್ರ ಒಂದು ನಿಮಿಷ ಸುಮ್ಮನಿರಲಿಲ್ಲ. ಒಂದು ರಾತ್ರಿ ಒಂದು ಆಡಿಯೋ ಬಂತು. ನಮ್ಮ ಓಣಿಯ ಕಿರಾಣಿ ಅಂಗಡಿಯವರಿಗೂ ಬಂದಿದೆಯಂತೆ, ದವಾಖಾನೆಗೆ ಒಯ್ದಿದ್ದಾರಂತೆ. ಯಾರ ದನಿ ಅಂತ ಗೊತ್ತಿಲ್ಲ. ನಾನು ಮೂರು ಗ್ರೂಪಿಗೆ ಕಳಿಸಿದೆ. ಮಂದಿಗೆ ಒಳ್ಳೇದಾಗಲಿ ಅಂತಲೇ ಕಳಿಸಿದೆ, ಅದೇನು ಸುಳ್ಳಲ್ಲ.

ಅವರಿಗೆ ಇದ್ದದ್ದು ಬರೀ ನೆಗಡಿ. ದವಾಖಾನೆಗೆ ಹೋಗಿದ್ದು ಸೊಸೆಯ ಬಾಣಂತನಕ್ಕೆ. ಲಾಕ್‌ಡೌನ್ ಆದಮೇಲೂ ನಮ್ಮ ಓಣಿಯವರು ಅವರ ಅಂಗಡಿ ಬಿಟ್ಟು ಆಚೆ ಓಣಿಗೆ ಹೋಗಿ ಸಕ್ಕರೆ ತಂದರು. ತಿಂಗಳ ಮೇಲೆ ನಾನು ಧೈರ್ಯ ಮಾಡಿ ಅವರಲ್ಲಿಗೆ ಹೋದೆ. ತಕ್ಕಡಿಗೆ ಬೇಳೆ ಸುರಿಯುತ್ತಾ, ನನ್ನ ಕಡೆ ನೋಡದೆ, 'ನೀವೂ ಕಳ್ಸೀರಂತಲ್ರಿ ಸರ್' ಅಂದರು.

ನನ್ನ ಬಾಯಿಂದ ಬಂದದ್ದು ಇಷ್ಟೇ. 'ನಂಗ ಬಂದಿತ್ರಿ, ಕಳಿಸ್ದೆ.'

ಅವರು ಏನೂ ಅನ್ನಲಿಲ್ಲ. ತಕ್ಕಡಿ ಸಮ ಆಗುವವರೆಗೆ ನಾಲ್ಕು ಕಾಳು ಹಾಕಿದರು, ಎರಡು ಕಾಳು ತೆಗೆದರು. ಪೊಟ್ಟಣ ಕಟ್ಟಿ, 'ಮತ್ತೇನ್ ಕೊಡ್ಲಿ?' ಅಂದರು. ಬೇಕಿದ್ದದ್ದು ಬೇಳೆ ಒಂದೇ. ಆದರೂ ಸೋಪು, ಚಹಾಪುಡಿ, ಊದಿನಕಡ್ಡಿ ಅಂತ ಕೇಳುತ್ತಾ ಹೋದೆ. ಈಗಲೂ ಅಲ್ಲೇ ಸಾಮಾನು ತರುತ್ತೇನೆ. ಅವರು ಚೆನ್ನಾಗೇ ಮಾತಾಡುತ್ತಾರೆ. ಆದರೆ ಅವತ್ತಿನ ತನಕ ನಾನು ಅವರಿಗೆ 'ಅಣ್ಣಾ' ಆಗಿದ್ದೆ. ಆಮೇಲೆ 'ಸರ್' ಆಗೇ ಉಳಿದೆ.

ಈಗ ಗ್ರೂಪಿನಲ್ಲಿ ಇಂಥದ್ದೇನಾದರೂ ಬಂದರೆ 'ಇದು ನಿಮಗ ಯಾರ್ ಹೇಳಿದ್ರು ರೀ?' ಅಂತ ಒಂದೇ ಸಾಲು ಬರೆಯುತ್ತೇನೆ. ಜನಕ್ಕೆ ಸಿಟ್ಟು ಬರುತ್ತದೆ. ಹೋದ ವಾರ ಒಬ್ಬರು 'ನಿಮಗ್ಯಾಕ ಉಸಾಬರಿ' ಅಂದು ಗ್ರೂಪಿನಿಂದ ಹೊರಗೆ ಹೋದರು. ಸಂಜೆ ವಾಪಸ್ ಬಂದರು, ಗುಡ್ ಈವ್ನಿಂಗ್ ಹೂವಿನ ಜೊತೆ.

ಇದನ್ನು ಬರೆದು ಮುಗಿಸುವಾಗ ರಾತ್ರಿ 10.20. ಕೂಲರಿಗೆ ನೀರು ತುಂಬಿಸಿ ಬಂದೆ. ನನ್ನ ಬೆಂಚಿನ ಗೆಳೆಯನ ಹೆಸರಿನ ಕೆಳಗೆ 'ಟೈಪ್ ಮಾಡುತ್ತಿದ್ದಾರೆ' ಅಂತ ಬರ್ತಾ ಇದೆ. ನಿಂತಿತು. ಮತ್ತೆ ಬಂತು. ಬೆಳಿಗ್ಗೆಯಿಂದ ಕಾದದ್ದಲ್ವಾ, ಹಾಗೇ ನೋಡ್ತಾ ಕೂತೆ. ಮೆಸೇಜ್ ಬಿತ್ತು.

'ಫ್ರೀ ಅದಿ?'