ಒರೋಸ್ಕೊಗೆ ಒಂದೇ ಸಾಲು ಸಾಲದು
ನಿಮ್ಮ ಲೇಖನದಲ್ಲಿ ಬೇಸ್‌ಬಾಲ್‌ನ ಎಡಗೈ ರಿಲೀಫ್ ಪಿಚರ್‌ಗಳ (ಪಂದ್ಯದ ನಡುವೆ ಬಂದು ಚೆಂಡು ಎಸೆಯುವವರ) ಬಗ್ಗೆ ಇಷ್ಟುದ್ದ ಬರೆದು ಜೆಸ್ಸಿ ಒರೋಸ್ಕೊಗೆ ಒಂದೇ ಸಾಲು ಕೊಟ್ಟಿದ್ದೀರಿ, ಬೇಜಾರಾಯಿತು. 1979ರಲ್ಲಿ ಶುರುಮಾಡಿ 2003ರಲ್ಲಿ ನಿಲ್ಲಿಸುವಷ್ಟರಲ್ಲಿ 1,252 ಪಂದ್ಯ! ಅಮೆರಿಕದ ಮೇಜರ್ ಲೀಗ್‌ನಲ್ಲಿ ಬೇರೆ ಯಾವ ಪಿಚರ್ ಕೂಡ ಇಷ್ಟು ಪಂದ್ಯ ಆಡಿಲ್ಲ. ಕೊನೆಕೊನೆಗೆ ಒಬ್ಬಿಬ್ಬರು ಎಡಗೈ ಬ್ಯಾಟರ್‌ಗಳಿಗಷ್ಟೇ ಚೆಂಡು ಎಸೆದು ಹೋಗುತ್ತಿದ್ದದ್ದೇ ಜಾಸ್ತಿ, ನಿಜ, ಆದರೆ 46 ವರ್ಷದವರನ್ನು ಯಾವ ತಂಡವೂ ಸುಮ್ನೆ ಇಟ್ಟುಕೊಳ್ಳುವುದಿಲ್ಲ ಅಲ್ವಾ? ಒರೋಸ್ಕೊ ಆಡುತ್ತಿದ್ದ ನ್ಯೂಯಾರ್ಕ್ ಮೆಟ್ಸ್ ತಂಡ ಗೆದ್ದ 1986ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿ) ಏಳನೇ ಪಂದ್ಯದ ಕೊನೆ ನೋಡಿ. ಎದುರಾಳಿ ಬ್ಯಾಟರ್ ಮಾರ್ಟಿ ಬ್ಯಾರೆಟ್ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್), ಗ್ಲೌಸ್ ಆಕಾಶಕ್ಕೆ, ಒರೋಸ್ಕೊ ಮಂಡಿಯೂರಿ ಎರಡೂ ಕೈ ಮೇಲೆತ್ತಿದ್ದಾರೆ. ನನಗೆ ಇನ್ನೂ ಮೈ ಜುಮ್ ಅನ್ನುತ್ತದೆ. ಇನ್ನೊಂದು ವಿಷಯ, 1969ರಲ್ಲಿ ಮೆಟ್ಸ್ ಇದೇ ಸರಣಿ ಗೆದ್ದಾಗ ಕೊನೆಯ ಚೆಂಡು ಎಸೆದವರು ಜೆರ್ರಿ ಕೂಸ್ಮನ್, ಅವರೂ ಎಡಗೈನವರೇ. ಆ ಕೂಸ್ಮನ್‌ರನ್ನು ಮಿನ್ನೆಸೋಟ ತಂಡಕ್ಕೆ ಬಿಟ್ಟುಕೊಟ್ಟದ್ದಕ್ಕೇ ಮೆಟ್ಸ್‌ಗೆ ಒರೋಸ್ಕೊ ಸಿಕ್ಕಿದ್ದು.