ಗಾಡಿ ಕೀ ಕೊಟ್ಟವರು ಯಾರು?

ಪೋಷಕರ ಸಭೆಯಲ್ಲಿ ಅಪ್ಪ ಅಮ್ಮಂದಿರು ಮೊದಲು ಕೇಳೋದು ಗಾಂಜಾ ಬಗ್ಗೆ. "ನಮ್ಮ ಹುಡುಗ ಅದೇನಾದ್ರೂ ಮುಟ್ತಿದಾನಾ ಸಾರ್?" ಕೇಳಬೇಕಾದ ಪ್ರಶ್ನೆಯೇ. ಆದರೆ ಹಾಗೆ ಕೇಳಿದವರ ಹುಡುಗ ಬೆಳಿಗ್ಗೆ ಸ್ಕೂಲ್ ಗೇಟಿನ ಆಚೆ, ಹುಣಸೆ ಮರದ ಮರೆಯಲ್ಲಿ, ಮನೆಯ ಬೈಕ್ ನಿಲ್ಲಿಸಿ ಒಳಗೆ ಬಂದಿರುತ್ತಾನೆ. ಓದುತ್ತಿರೋದು ಒಂಬತ್ತನೇ ಕ್ಲಾಸು. ಅದರ ಬಗ್ಗೆ ಯಾರೂ ಕೇಳಲ್ಲ.

ಕೋಲಾರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಎಲ್ಲಿಂದಲೋ ಬರುವ ಕೇಡಿಗಿಂತ, ನಾವೇ ಕೈಗೆ ಕೊಟ್ಟ ಬೈಕು, ನಾವೇ ತೋಟದಲ್ಲಿ ತೋಡಿಸಿದ ಹೊಂಡ ನಮ್ಮ ಹುಡುಗರಿಗೆ ಜಾಸ್ತಿ ಅಪಾಯ ಅಂತ ನನ್ನ ಅಭಿಪ್ರಾಯ. ಒಪ್ಪದವರು ಬೈಯಬಹುದು, ಬೇಜಾರಿಲ್ಲ.

ಬೈಕ್ ಹುಚ್ಚು ನಮ್ಮಲ್ಲಿ ಶುರುವಾಗೋದು ಹಾಲಿನ ಡೈರಿಯಿಂದ. ಹದಿಮೂರರ ಹುಡುಗ ಎಕ್ಸೆಲ್ ಮೊಪೆಡ್ ಮೇಲೆ ಕ್ಯಾನ್ ಇಟ್ಟುಕೊಂಡು ಹೋಗಿ ಹಾಲು ಹಾಕಿ ಬರುತ್ತಾನೆ. "ಪರವಾಗಿಲ್ಲ, ಜವಾಬ್ದಾರಿ ಬಂತು" ಅಂತ ಊರೇ ಮೆಚ್ಚುತ್ತದೆ. ಹದಿನೈದಕ್ಕೆ ಅಪ್ಪನ ಸ್ಪ್ಲೆಂಡರ್. ಆಮೇಲೆ ಟೌನಿಗೆ ಟ್ಯೂಷನ್, ಟ್ಯೂಷನ್ ಪಕ್ಕದಲ್ಲೇ ಗ್ಯಾರೇಜು. ಕಂಪನಿ ಸೈಲೆನ್ಸರ್ ಬಿಚ್ಚಿಸಿ ಸದ್ದು ಮಾಡೋದನ್ನು ಹಾಕಿಸುತ್ತಾರೆ. ಎರಡೂ ಕನ್ನಡಿ ಮಾಯ. ನಂಬರ್ ಪ್ಲೇಟನ್ನು ಸೀಟಿನ ಅಡಿಗೆ ಮಡಚಿರುತ್ತಾರೆ, ಹಿಂದಿನಿಂದ ಯಾರು ಫೋಟೊ ತೆಗೆದರೂ ನಂಬರ್ ಸಿಗಬಾರದು ಅಂತ. ಮಡ್‌ಗಾರ್ಡ್ ತುದಿ ರಸ್ತೆಗೆ ಉಜ್ಜಿ ಸವೆದಿದ್ದರೆ ಇನ್ನೇನು ಹೇಳಬೇಕಾಗಿಲ್ಲ, ಮುಂದಿನ ಚಕ್ರ ಗಾಳಿಯಲ್ಲಿ ಎದ್ದಿದೆ ಅಂತಲೇ ಲೆಕ್ಕ. ಹುಡುಗನ ಫೋನ್ ಕದ್ದು ನೋಡುವ ಮೊದಲು ಅಂಗಳದಲ್ಲಿ ನಿಂತಿರೋ ಬೈಕನ್ನು ಒಂದು ಸುತ್ತು ಹಾಕಿ ನೋಡಿ.

ಹೀಗೆ ಚಕ್ರ ಎತ್ತಿ ವೀಲಿ ಮಾಡೋನು ಒಬ್ಬನೇ ಅಲ್ಲ. ಪಕ್ಕದ ಬೈಕಿನಲ್ಲಿ ಹಿಂದುಮುಂದಾಗಿ ಕೂತು, ಎರಡೂ ಕೈಯಲ್ಲಿ ಫೋನ್ ಹಿಡಿದು ಶೂಟ್ ಮಾಡೋನು ಇನ್ನೊಬ್ಬ. ಹೆಲ್ಮೆಟ್ ಇಲ್ಲ, ಹಿಡಿದುಕೊಳ್ಳೋಕೆ ಏನೂ ಇಲ್ಲ. ಅವನ ಅಮ್ಮ ಮಾತ್ರ ನೆಮ್ಮದಿಯಾಗಿದ್ದಾರೆ. "ನಮ್ಮೋನು ಅದೆಲ್ಲ ಮಾಡಲ್ಲ ಸಾರ್, ಸುಮ್ನೆ ವಿಡಿಯೋ ತೆಗೀತಾನೆ." ಈಗಂತೂ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇರೆ ಇದೆ. ಬೈಕಿಗೆ ಅಲ್ಲಿ ಪ್ರವೇಶವೇ ಇಲ್ಲ, ಆದರೆ ಹುಡುಗರ ಕಣ್ಣಿಗೆ ಅದು ರೀಲ್ಸ್‌ಗೆಂದೇ ಹಾಸಿದ ರಸ್ತೆ.

ಒಬ್ಬ ತಾಯಿಗೆ ಕಾನೂನು ಹೇಳಲು ಹೋದೆ. "ಏನ್ ಮಾಡೋದು ಸಾರ್, ಅವರಪ್ಪ ಟೊಮೇಟೊ ಲೋಡ್ ಜೊತೆ ಮಾರ್ಕೆಟ್ಟಿಗೆ ಹೋಗಿರ್ತಾರೆ. ಹಾಲು ಹಾಕೋಕೆ ಇವ್ನೇ ಹೋಗ್ಬೇಕು" ಅಂದರು. ಅವರ ಕಷ್ಟ ಸುಳ್ಳಲ್ಲ. ಆದರೂ ತಿಳಿದಿರಲಿ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ, ಅಪ್ರಾಪ್ತ ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿ ಮಾಲೀಕರಿಗೇ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನರಸಾಪುರ, ವೇಮಗಲ್ ಫ್ಯಾಕ್ಟರಿಗಳ ಶಿಫ್ಟಿಗೆ ಬೈಕಿನಲ್ಲಿ ಓಡಾಡಬೇಕಾದ ವಯಸ್ಸೇ ಅದು. 16ಕ್ಕೆ ಸಿಗೋ ಲೈಸೆನ್ಸ್ 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಎಕ್ಸೆಲ್ 100 ಕೂಡ ಅದರೊಳಗೆ ಬರಲ್ಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್‌ದು. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಅಷ್ಟನ್ನೂ ಗಾಡಿ ಮಾಲೀಕನಿಂದ ವಸೂಲಿ ಮಾಡಬಹುದು. ಅಂದರೆ ಹೊಲ ಮಾರೋದೇ.

ಹುಡುಗಿಯರಿಗೆ ಈ ಫೋಟೊ, ರೀಲ್ಸ್ ಹುಚ್ಚಿಲ್ಲ ಅಂತೇನಿಲ್ಲ. 2024ರ ಅಕ್ಟೋಬರ್‌ನಲ್ಲಿ ತುಮಕೂರಿನ ಮೈದಾಳ ಕೆರೆ ಕೋಡಿಯಲ್ಲಿ ಸೆಲ್ಫಿ ತೆಗೆಯಲು ಹೋದ ವಿದ್ಯಾರ್ಥಿನಿ ಜಾರಿ ಬಿದ್ದು, ಬಂಡೆಗಳ ನಡುವೆ ರಾತ್ರಿಯಿಡೀ ಸಿಕ್ಕಿಕೊಂಡಿದ್ದಳು. ಮಾರನೇ ದಿನ ಜೀವಂತವಾಗಿ ಹೊರಗೆ ತೆಗೆದರು. ಪುಣ್ಯ.

ಫೋನಿನ ಒಳಗಿನ ಆಟಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುವ ಕಾನೂನು 2025ರಲ್ಲೇ ಬಂತು. ಪೆನ್ನಿನ ಥರ ಕಾಣೋ, ಹಣ್ಣಿನ ವಾಸನೆಯ ಇ-ಸಿಗರೇಟ್ ಮಾರಾಟಕ್ಕೆ 2019ರಿಂದಲೇ ನಿಷೇಧ ಇದೆ. ಬೇಕು ಅಂದವರಿಗೆ ಎರಡೂ ಸಿಗುತ್ತವೆ, ಬಿಡಿ. ನನಗೆ ಇವೆರಡಕ್ಕಿಂತ ಭಯ ಹುಟ್ಟಿಸೋದು ಅಪರಿಚಿತ ವಿಡಿಯೋ ಕಾಲ್. ಹುಡುಗಿಯ ಹೆಸರಿನಲ್ಲಿ ರಿಕ್ವೆಸ್ಟ್ ಬರುತ್ತದೆ, ನಾಲ್ಕು ಸಿಹಿ ಮಾತು, ಆಮೇಲೆ ಕಾಲ್, ಅದರ ರೆಕಾರ್ಡಿಂಗ್, "ದುಡ್ಡು ಹಾಕು, ಇಲ್ಲಾಂದ್ರೆ ನಿಮ್ಮಪ್ಪನಿಗೆ ಕಳಿಸ್ತೀನಿ". ಆ ಕಳ್ಳನ ಬಂಡವಾಳ ಅಪ್ಪನ ಬೆಲ್ಟು. ಹೊಡೆತಕ್ಕೆ ಹೆದರೋ ಹುಡುಗ ಮನೆಯಲ್ಲಿ ಹೇಳಲ್ಲ. ದುಡ್ಡು ಕದಿಯುತ್ತಾನೆ, ಇಲ್ಲ ಇನ್ನೇನೋ ಮಾಡಿಕೊಳ್ಳುತ್ತಾನೆ. "ಹೀಗೇನಾದ್ರೂ ಆದ್ರೆ ನನ್ನ ಹತ್ರ ಬಾ, ಬೈಯಲ್ಲ" ಅಂತ ಇವತ್ತೇ ಹೇಳಿಬಿಡಿ. ಕಾಲ್ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ. ದೂರು ಕೊಡಲು ಸೈಬರ್ ಸಹಾಯವಾಣಿ 1930 ಇದೆ. ದುಡ್ಡು ಮಾತ್ರ ಕಟ್ಟಬೇಡಿ, ಕಟ್ಟಿದರೆ ಇನ್ನಷ್ಟು ಕೇಳುತ್ತಾರೆ.

ಇನ್ನು ನೀರಿನ ವಿಷಯ. ಟ್ರೆಂಡು ಅಂತ ಯಾರೂ ಕರೆಯಲ್ಲ, ಆದರೆ ಪ್ರತಿ ಬೇಸಿಗೆ ರಜೆಯಲ್ಲಿ ನನ್ನ ಎದೆ ಹೊಡೆದುಕೊಳ್ಳೋದು ಇದಕ್ಕೇ.

ನಮ್ಮ ಅಪ್ಪಂದಿರ ಕಾಲದಲ್ಲಿ ತೋಟಕ್ಕೊಂದು ಬಾವಿ ಇತ್ತು. ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದರು, ಈಜು ತಾನಾಗೇ ಬರುತ್ತಿತ್ತು. ಆಮೇಲೆ ಬಾವಿ ಬತ್ತಿತು, ಕೆರೆಯಲ್ಲಿ ಜಾಲಿ ಬೆಳೆಯಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಒಂದು ತಲೆಮಾರು ಈಜು ಕಲಿಯದೇ ಬೆಳೆದು ಅಪ್ಪ ಅಮ್ಮ ಆಯಿತು. ಅಷ್ಟರಲ್ಲಿ ನೀರು ವಾಪಸ್ ಬಂತು. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರುತ್ತಿದೆ. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅನ್ನೋ ಜಗಳ ಬೇರೆ, ಇಲ್ಲಿ ಬೇಡ. ನೀರಿಲ್ಲದ ವರ್ಷಗಳಲ್ಲಿ ಮಣ್ಣು ತೆಗೆದ ಗುಂಡಿಗಳು ಅದರಡಿ ಹಾಗೇ ಇವೆ. ಮೊಣಕಾಲುದ್ದ ಅಂದುಕೊಂಡು ಒಂದು ಹೆಜ್ಜೆ ಮುಂದಿಟ್ಟರೆ ಆಳು ಮುಳುಗುತ್ತಾನೆ.

ಕೃಷಿ ಹೊಂಡ ಅದಕ್ಕಿಂತ ಮೋಸ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಎಲ್ಲೆಲ್ಲೂ ಹೊಂಡ ಎದ್ದವು. ಹತ್ತಡಿ ಆಳ, ನಾಲ್ಕೂ ಕಡೆ ಇಳಿಜಾರು, ಮೇಲೆ ಕಪ್ಪು ಟಾರ್ಪಲ್. ಟಾರ್ಪಲ್ ಮೇಲೆ ಪಾಚಿ. ಕಾಲಿಟ್ಟರೆ ಜಾರುತ್ತದೆ, ಉಗುರು ಹಾಕಿ ಹಿಡಿಯೋಣ ಅಂದರೆ ಮಣ್ಣಿಲ್ಲ, ಬೇರಿಲ್ಲ. ಈಜು ಬರೋನಿಗೂ ದಡ ಹತ್ತಲು ಆಗಲ್ಲ. ಹತ್ತಿ ಹತ್ತಿ ಜಾರಿ ಸುಸ್ತಾಗುತ್ತಾನೆ. ಗೆಳೆಯ ಕೈ ಕೊಡಲು ಹೋಗಿ ಅವನೂ ಒಳಗೆ. ಒಬ್ಬನಿಗೆ ಇಬ್ಬರು ಹೋಗೋದು ಹೀಗೆ. ಈಗ ಇದಕ್ಕೂ ರೀಲ್ಸ್ ಸೇರಿದೆ, ದಡದಿಂದ ಹಿಮ್ಮುಖ ಪಲ್ಟಿ ಹೊಡೆದು ಬೀಳೋದು.

ಹೊಂಡದ ಮಾಲೀಕರಿಗೆ ಹೇಳಿದರೆ "ನಮ್ಮ ತೋಟಕ್ಕೆ ಯಾಕ್ರೀ ಬರ್ಬೇಕು ಅವ್ರು?" ಅನ್ನುತ್ತಾರೆ. ಬರ್ತಾರೆ ಸ್ವಾಮಿ, ಬಿಸಿಲಿದೆ, ರಜೆ ಇದೆ, ನೀರಿದೆ. ತಂತಿ ಬೇಲಿ ಹಾಕಿಸಲು ಆಗದಿದ್ದರೆ ಎರಡು ಮೂಲೆಗೆ ಗೂಟ ಹೊಡೆದು, ಗಂಟು ಹಾಕಿದ ದಪ್ಪ ಹಗ್ಗ ನೀರಿನ ತಳದವರೆಗೆ ಇಳಿಬಿಡಿ. ಲಾರಿಯ ಹಳೇ ಟ್ಯೂಬಿಗೆ ಗಾಳಿ ತುಂಬಿ ಪಕ್ಕದಲ್ಲಿಡಿ. ಹುಡುಗರಿಗೆ, ಯಾರಾದರೂ ಬಿದ್ದರೆ ಹಾರಬೇಡಿ, ಟ್ಯೂಬ್ ಎಸೆದು ಕೂಗಿ ಅಂತ ಹೇಳಿಕೊಡಿ. ಏಪ್ರಿಲ್‌ಗೆ ಮೊದಲೇ ಆಗಬೇಕು ಇದು. ರಜೆ ಶುರುವಾದ ಮೇಲೆ ಅವರು ಎಲ್ಲಿರುತ್ತಾರೆ ಅಂತ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.