ಪಕ್ಕದ ಮನೆಗೆ ಎಣ್ಣೆ, ನಮಗೆ ಯಾಕಿಲ್ಲ?

ಹೋದ ವಾರ ಮದುವೆಮನೆ ಪಂಕ್ತಿಯಲ್ಲಿ ಆಲಿವ್ ಎಣ್ಣೆ ಹೃದಯಕ್ಕೆ ಒಳ್ಳೇದು ಅನ್ನೋ ವಿಷಯ ಬಂತು. ಪಕ್ಕ ಕೂತಿದ್ದ ಭಾವ, ‘ಆ ಸಂಶೋಧನೆ ವಾಪಸ್ ತಗೊಂಡಾಯ್ತಲ್ಲ ಮಾರಾಯ, ಎಲ್ಲ ಬೋಗಸ್’ ಅಂದರು. ವಾಪಸ್ ತಗೊಂಡದ್ದು ನಿಜ. ಬೋಗಸ್ ಅನ್ನೋದಕ್ಕೆ ನನ್ನ ತಕರಾರಿದೆ.

ಸ್ಪೇನಿನ ಆ ಅಧ್ಯಯನದ ಹೆಸರು ಪ್ರೆಡಿಮೆಡ್. ಹೃದಯರೋಗದ ಅಪಾಯ ಹೆಚ್ಚಿದ್ದ 7,447 ಜನ, ಮೂರು ಗುಂಪು. ಒಂದಕ್ಕೆ ಮನೆಗೆ ವಾರಕ್ಕೊಂದು ಲೀಟರ್ ಆಲಿವ್ ಎಣ್ಣೆ ಪುಕ್ಕಟೆ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ ಇತ್ಯಾದಿ, ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಅನ್ನೋ ಸಲಹೆ. ಯಾರು ಯಾವ ಗುಂಪು ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗಬೇಕು, ಡಾಕ್ಟರ ಕೈಯಲ್ಲಿರಬಾರದು. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು: ಮೊದಲೆರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟು ಮೂರನೆಯದಕ್ಕಿಂತ ಸುಮಾರು ಶೇ. 30 ಕಡಿಮೆ.

2017ರಲ್ಲಿ ಇಂಗ್ಲೆಂಡಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ 5,087 ಪ್ರಯೋಗಗಳ ಅಂಕಿಅಂಶ ಜಾಲಾಡಿದರು. ನಿಜವಾಗಿ ಚೀಟಿ ಎತ್ತಿದ್ದರೆ ಸಂಖ್ಯೆಗಳು ಹೀಗೆ ಬೀಳಲಾರವು ಅನ್ನಿಸಿದವನ್ನು ಬೊಟ್ಟು ಮಾಡಿ ತೋರಿಸಿದರು. ಅದರಲ್ಲಿ ಪ್ರೆಡಿಮೆಡ್ ಕೂಡ ಇತ್ತು.

ತಂಡದ ಮಿಗೆಲ್ ಮಾರ್ಟಿನೆಜ್-ಗೊನ್ಸಾಲೆಸ್ ‘ಇದೆಲ್ಲ ಹೊಟ್ಟೆಕಿಚ್ಚು’ ಅಂದು ಕೈತೊಳೆಯಬಹುದಿತ್ತು. ಜೊತೆಯವರನ್ನು ಸೇರಿಸಿಕೊಂಡು ಹಳೇ ಕಡತ ಬಿಚ್ಚಿ ಕೂತರು. ಸಿಕ್ಕಿದ್ದು ನೋಡಿ: ಒಂದು ಕಡೆಯ ಸಂಶೋಧಕರು ಒಬ್ಬೊಬ್ಬರಿಗೂ ಚೀಟಿ ಎತ್ತದೆ ಇಡೀ ಚಿಕಿತ್ಸಾಲಯಕ್ಕೆ ಒಂದೇ ಪಥ್ಯ ಹಂಚಿಬಿಟ್ಟಿದ್ದರು. ಕಾರಣ, ಪಕ್ಕದ ಮನೆಗೆ ಎಣ್ಣೆ, ನಮಗೆ ಯಾಕಿಲ್ಲ ಅನ್ನೋ ಹಳ್ಳಿಯವರ ಗೊಣಗಾಟ. (ರೇಷನ್ ಅಂಗಡಿ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಇನ್ನು ಕೆಲವೆಡೆ ಒಂದೇ ಮನೆಯ ಇಬ್ಬರನ್ನು ಚೀಟಿ ಇಲ್ಲದೆ ಒಂದೇ ಗುಂಪಿಗೆ ಹಾಕಿದ್ದರು. ಒಂದೇ ಒಲೆ, ಎರಡು ಅಡುಗೆ ಎಲ್ಲಿಂದ! ಇದರಲ್ಲಿ ನನಗೆ ಮೋಸ ಕಾಣುವುದಿಲ್ಲ. ಆದರೂ ತಪ್ಪು ತಪ್ಪೇ. ಮೊದಲೇ ಗಟ್ಟಿಮುಟ್ಟಾದ ಊರಿಗೇ ಎಣ್ಣೆ ಬಿದ್ದಿದ್ದರೆ ಕೀರ್ತಿ ಎಣ್ಣೆಗೋ, ಊರಿಗೋ?

2018ರ ಜೂನ್‌ನಲ್ಲಿ ತಂಡ ಪ್ರಬಂಧವನ್ನು ಹಿಂಪಡೆಯಿತು. ಅನುಮಾನವಿದ್ದ 1,588 ಜನರನ್ನು ಬಿಟ್ಟು ಕೂಡ ಲೆಕ್ಕ ಹಾಕಿ ನೋಡಿ, ಅದೇ ಪತ್ರಿಕೆಯಲ್ಲಿ ಮತ್ತೆ ಪ್ರಕಟಿಸಿತು. ಫಲಿತಾಂಶ ಹೆಚ್ಚುಕಡಿಮೆ ಅದೇ. ಬದಲಾದದ್ದು ಮಾತಿನ ಧಾಟಿ. ‘ಈ ಪಥ್ಯ ರೋಗ ತಗ್ಗಿಸಿತು’ ಅಂತಿದ್ದದ್ದು ‘ಈ ಪಥ್ಯದ ಗುಂಪಿನಲ್ಲಿ ರೋಗ ಕಡಿಮೆ ಇತ್ತು’ ಎಂದಾಯಿತು. ಟೀಕಾಕಾರರೆಲ್ಲ ಒಪ್ಪಲಿಲ್ಲ. ನನಗೂ ಆ ಶೇ. 30ರ ಮೇಲೆ ಮೊದಲಿನಷ್ಟು ನಂಬಿಕೆ ಉಳಿದಿಲ್ಲ, ಲೆಕ್ಕ ಬಿಚ್ಚಿಟ್ಟವರ ಮೇಲಿನ ನಂಬಿಕೆ ಮಾತ್ರ ಜಾಸ್ತಿಯಾಗಿದೆ.

ಬ್ರಿಟನ್ನಿನ ಪೇಸ್ ಪ್ರಯೋಗದ್ದು ಬೇರೆಯೇ ಕಥೆ. ವರ್ಷಗಟ್ಟಲೆ ಬಿಡದ ದಣಿವಿನ ಕಾಯಿಲೆ, ಕ್ರಾನಿಕ್ ಫಟೀಗ್ ಸಿಂಡ್ರೋಮ್. ಹಂತಹಂತವಾಗಿ ಏರಿಸುವ ವ್ಯಾಯಾಮ ಮತ್ತು ಮನಶ್ಚಿಕಿತ್ಸೆಯಿಂದ ಸುಧಾರಣೆ ಇದೆ ಅಂತ 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಸುಧಾರಣೆಯ ಅಳತೆಗೋಲನ್ನು ನಡುವೆ ಬದಲಿಸಿದ್ದೇಕೆ, ಮೂಲ ಅಂಕಿಅಂಶ ಕೊಡಿ ಅಂತ ರೋಗಿಗಳೇ ಕೇಳಿದರು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲಿಲ್ಲ. ಕೊಡದಿರುವುದಕ್ಕೆ ವಕೀಲರಿಗೆ 2 ಲಕ್ಷ ಪೌಂಡಿಗೂ ಹೆಚ್ಚು ಸುರಿಯಿತು. 2016ರಲ್ಲಿ ನ್ಯಾಯಮಂಡಳಿ ಕೊಡಲೇಬೇಕು ಅಂದಿತು. 2021ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಯಿಂದ ಆ ವ್ಯಾಯಾಮವನ್ನೇ ಕೈಬಿಟ್ಟರು.

ಭಾವನ ಲೆಕ್ಕದಲ್ಲಿ ಪ್ರೆಡಿಮೆಡ್ ಬೋಗಸ್, ಯಾಕೆಂದರೆ ಅದರ ಮೇಲೆ ‘ಹಿಂಪಡೆಯಲಾಗಿದೆ’ ಅಂತ ಮುದ್ರೆ ಬಿದ್ದಿದೆ. ಪೇಸ್ ಪ್ರಬಂಧದ ಮೇಲೆ ಅಂಥ ಯಾವ ಮುದ್ರೆಯೂ ಇಲ್ಲ.